ತಾಮ್ರಪಟದಿಂದ ವಿಕಿಯವರೆಗೆ: ಪ್ರತಿ ಉಳಿಸಿದವರ ಚರಿತ್ರೆ

ನಾಗಪುರದಲ್ಲಿ ನೆಲಸಿರುವ ಕನ್ನಡಿಗರಾದ ನಾವು ಈ ಊರಿಗೆ ಹೊರಗಿನವರೆಂದೇ ನಮ್ಮನ್ನು ಎಣಿಸಿಕೊಳ್ಳುವುದು ವಾಡಿಕೆ. ಆದರೆ ಈ ಊರಿನ ಹೆಸರು ಮೊತ್ತಮೊದಲು ಬರಹದಲ್ಲಿ ಕಾಣಿಸಿಕೊಳ್ಳುವುದು ಕನ್ನಡ ನಾಡಿನ ಒಬ್ಬ ದೊರೆಯ ಶಾಸನದಲ್ಲಿ ಎಂಬ ಸಂಗತಿ ನಮ್ಮಲ್ಲಿ ಹಲವರ ಗಮನಕ್ಕೆ ಬಂದಿರಲಾರದು. ನೆರೆಯ ವರ್ಧಾ ಜಿಲ್ಲೆಯ ದೇವಳಿಯಲ್ಲಿ ದೊರೆತ ತಾಮ್ರಶಾಸನವದು. ಶಕವರ್ಷ ೮೬೨ರಲ್ಲಿ, ಎಂದರೆ ಕ್ರಿ.ಶ. ೯೪೦ರಲ್ಲಿ, ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನು ‘ನಾಗಪುರ-ನಂದಿವರ್ಧನ’ ಎಂಬ ಆಡಳಿತ ವಿಭಾಗಕ್ಕೆ ಸೇರಿದ ಒಂದು ಹಳ್ಳಿಯನ್ನು ದಾನವಾಗಿ ಕೊಟ್ಟ ವಿವರ ಅದರಲ್ಲಿದೆ. ಶಾಸನದ ಭಾಷೆ ಸಂಸ್ಕೃತ. ಕೊಟ್ಟವನು ಮಾನ್ಯಖೇಟದ ಅರಸ. ಮಾನ್ಯಖೇಟವೆಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ನಂದಿವರ್ಧನವನ್ನು ರಾಮಟೇಕದ ಬಳಿಯ ನಗರಧನವೆಂದು ವಿದ್ವಾಂಸರು ಗುರುತಿಸಿದ್ದಾರೆ. ಗೋಂಡ ದೊರೆ ಬಖ್ತ್ ಬುಲಂದ್ ಶಹಾ ಈಗಿನ ನಗರಕ್ಕೆ ಅಡಿಪಾಯ ಹಾಕಿದ್ದು ೧೮ನೆಯ ಶತಮಾನದ ಆರಂಭದಲ್ಲಿ. ಹೆಸರು ಅದಕ್ಕಿಂತ ಏಳೂವರೆ ಶತಮಾನದಷ್ಟು ಹಿಂದಿನದು.

ಇದನ್ನು ಹೇಳಿ ಹೆಮ್ಮೆಪಟ್ಟು ಸುಮ್ಮನಾಗುವುದು ಈ ಲೇಖನದ ಉದ್ದೇಶವಲ್ಲ. ಸಾವಿರ ವರ್ಷದ ಹಿಂದಿನ ಒಂದು ಸಾಲು ನಮ್ಮ ಕೈಗೆ ಹೇಗೆ ಬಂದು ಸೇರಿತು? ಬೇರೆ ಎಷ್ಟೋ ಸಾಲುಗಳು ಏಕೆ ಸೇರಲಿಲ್ಲ? ಈ ಪ್ರಶ್ನೆಯ ಬೆನ್ನುಹತ್ತಿ ಹೋದರೆ ತಾಮ್ರಪಟ, ತಾಳೆಗರಿ, ಪಡಿಯಚ್ಚುಗಳನ್ನು ದಾಟಿ, ಇಂದು ನಮ್ಮ ಮಕ್ಕಳು ಮೊಬೈಲಿನಲ್ಲಿ ನೋಡುವ ‘ವಿಕಿ’ ಎಂಬ ಜ್ಞಾನಕೋಶದವರೆಗೆ ಒಂದೇ ದಾರಿ ಸಾಗುತ್ತದೆ. ಆ ದಾರಿಯ ಕೊನೆಯಲ್ಲಿ ನಮ್ಮ ಸಂಘಗಳೇ ಮಾಡಬೇಕಾದ ಒಂದು ಕೆಲಸವೂ ಕಾದಿದೆ.

ಮೊದಲು ಮಳಖೇಡದ ಮಾತು. ಮೂರನೆಯ ಕೃಷ್ಣನ ಆಳ್ವಿಕೆಯಲ್ಲಿ ರಾಷ್ಟ್ರಕೂಟರ ಸತ್ತೆ ದಕ್ಷಿಣದಲ್ಲಿ ಚೋಳಮಂಡಲದವರೆಗೂ ಹಬ್ಬಿತ್ತು. ಉತ್ತರದಲ್ಲಿ ಮಧ್ಯಪ್ರದೇಶದ ಮೈಹರ್ ಬಳಿಯ ಜೂರಾ ಎಂಬಲ್ಲಿ ಅವನ ಕನ್ನಡ ಶಾಸನವೇ ದೊರೆತಿದೆ. ಅಂಥ ಸಾಮ್ರಾಜ್ಯದ ರಾಜಧಾನಿಯನ್ನು, ಅವನು ತೀರಿಕೊಂಡು ಕೆಲವೇ ವರ್ಷಗಳಲ್ಲಿ, ೯೭೨ರಲ್ಲಿ ಮಾಳವದ ಪರಮಾರ ದೊರೆ ಸೀಯಕನು ಸೂರೆ ಮಾಡಿದ. ಮರುವರ್ಷವೇ ಚಾಲುಕ್ಯ ತೈಲಪನು ರಾಷ್ಟ್ರಕೂಟರ ಆಳ್ವಿಕೆಯನ್ನು ಕೊನೆಗಾಣಿಸಿದ. ಅರಮನೆಯ ಕಡತಗಳಲ್ಲಿ ಒಂದು ಓಲೆಯೂ ನಮಗೆ ಉಳಿದು ಬಂದಿಲ್ಲ. ಆದರೆ ಅದೇ ಅರಮನೆಯಿಂದ ಹೊರಟು, ನೂರಾರು ಮೈಲಿ ದೂರದ ವಿದರ್ಭದಲ್ಲಿ ದಾನ ಪಡೆದವನ ಕೈ ಸೇರಿದ ತಾಮ್ರದ ಪ್ರತಿ ಉಳಿಯಿತು. ಬರೆದ ಸ್ಥಳದಲ್ಲಿ ನಾಶವಾದದ್ದು, ಕಳುಹಿಸಿದ ಸ್ಥಳದಲ್ಲಿ ಉಳಿಯಿತು. ಈ ಅಂಶವನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಮತ್ತೆ ಬೇಕಾಗುತ್ತದೆ.

ಇದೇ ಕೃಷ್ಣನ ಆಸ್ಥಾನದಲ್ಲಿದ್ದ ಕವಿ ಪೊನ್ನ. ಪಂಪ, ರನ್ನರೊಡನೆ ರತ್ನತ್ರಯರಲ್ಲಿ ಒಬ್ಬನೆಂದು ಎಣಿಕೆಯಾದವನು. ಅವನು ‘ಶಾಂತಿಪುರಾಣ’ವನ್ನೂ ‘ಭುವನೈಕರಾಮಾಭ್ಯುದಯ’ವನ್ನೂ ಬರೆದ. ಮೊದಲನೆಯದು ಇಂದಿಗೂ ನಮಗೆ ಓದಲು ಸಿಗುತ್ತದೆ. ಎರಡನೆಯದು ಸಂಪೂರ್ಣವಾಗಿ ಉಪಲಬ್ಧವಿಲ್ಲ. ಕವಿ ಒಬ್ಬನೇ, ಕಾಲವೂ ಒಂದೇ. ಆದರೂ ಎರಡು ಕೃತಿಗಳ ಹಣೆಬರಹ ಬೇರೆ ಬೇರೆಯಾಯಿತು. ಕಾರಣಗಳು ಹಲವಿರಬಹುದು. ಆದರೆ ಶಾಂತಿಪುರಾಣಕ್ಕೆ ಇದ್ದು ಇನ್ನೊಂದಕ್ಕೆ ಇಲ್ಲದ ಒಂದು ಭಾಗ್ಯ ನಮಗೆ ಗೊತ್ತಿದೆ. ಆ ಭಾಗ್ಯದ ಹೆಸರು ದಾನಚಿಂತಾಮಣಿ ಅತ್ತಿಮಬ್ಬೆ.

ಅತ್ತಿಮಬ್ಬೆಯ ತಂದೆ ಮಲ್ಲಪಯ್ಯ ಹಾಗೂ ಅವನ ಸೋದರ ಪುನ್ನಮಯ್ಯ ಇಬ್ಬರೂ ಪೊನ್ನನಿಂದ ಶಾಂತಿಪುರಾಣವನ್ನು ಬರೆಯಿಸಿದವರು. ರಾಷ್ಟ್ರಕೂಟರ ಕಾಲ ಮುಗಿದು ತೈಲಪನ ಆಳ್ವಿಕೆ ಬಂದಿದ್ದಾಗ ಈಕೆ ಆ ಗ್ರಂಥದ ಒಂದು ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬ ಕೀರ್ತಿ ನಮ್ಮ ಸಾಹಿತ್ಯ ಚರಿತ್ರೆಯಲ್ಲಿ ಬೆಳಗುತ್ತಿದೆ. ರನ್ನನಿಂದ ೯೯೩ರಲ್ಲಿ ‘ಅಜಿತಪುರಾಣ’ವನ್ನು ಬರೆಯಿಸಿದವಳೂ, ಲಕ್ಕುಂಡಿಯಲ್ಲಿ ಬಸದಿಯನ್ನು ಕಟ್ಟಿಸಿದವಳೂ ಅವಳೇ. ಅಚ್ಚುಯಂತ್ರವಿಲ್ಲದ ಕಾಲ. ಒಂದೊಂದು ಗರಿಯನ್ನೂ ಹದಮಾಡಿ, ಕಂಠದಿಂದ ಕೊರೆದು, ಮಸಿ ತೀಡಿ, ದಾರ ಪೋಣಿಸಿ, ಹಲಗೆಯ ನಡುವೆ ಕಟ್ಟಬೇಕು. ಅಂಥ ಸಾವಿರ ಕಟ್ಟು! ಇದನ್ನು ನಾವು ದಾನಬುದ್ಧಿ ಎಂದಷ್ಟೇ ಹೊಗಳಿ ಬಿಡುತ್ತೇವೆ. ಅದರಲ್ಲಿ ದೂರದೃಷ್ಟಿಯೂ ಇತ್ತು. ಒಂದೇ ಭಂಡಾರದಲ್ಲಿ ಪೆಟ್ಟಿಗೆಗೆ ಬೀಗ ಹಾಕಿಟ್ಟರೆ ಒಂದು ಬೆಂಕಿ, ಒಂದು ದಾಳಿ, ಒಂದು ಗೆದ್ದಲ ಹುತ್ತ ಸಾಕು. ಸಾವಿರ ಕೈಗಳಲ್ಲಿದ್ದರೆ ಒಂಬೈನೂರು ಹೋದರೂ ನೂರು ಉಳಿಯುತ್ತವೆ.

ಹೀಗೆ ಉಳಿಸುವವರು ಸಿಗದೆ ಹೋದವರ ಪಟ್ಟಿ ಬೇಕಾದರೆ ‘ಕವಿರಾಜಮಾರ್ಗ’ವನ್ನು ತೆರೆದು ನೋಡಬಹುದು. ವಿಮಲ, ಉದಯ, ನಾಗಾರ್ಜುನ, ಜಯಬಂಧು, ದುರ್ವಿನೀತ ಎಂದು ಗದ್ಯ ಬರೆದವರನ್ನೂ, ಕವೀಶ್ವರ, ಪಂಡಿತ, ಚಂದ್ರ, ಲೋಕಪಾಲ ಮೊದಲಾದ ಪದ್ಯಕಾರರನ್ನೂ ಅದು ಹೆಸರಿಸುತ್ತದೆ. ಇವರ ಕನ್ನಡ ಗ್ರಂಥಗಳಲ್ಲಿ ಒಂದೂ ನಮ್ಮ ಕೈಗೆ ಬಂದಿಲ್ಲ. ಹೆಸರು ಮಾತ್ರ ಉಳಿದಿದೆ. ಅದೂ ಬೇರೆಯವರ ಪುಸ್ತಕದಲ್ಲಿ.

ಇನ್ನು ನಮ್ಮ ವಿದರ್ಭಕ್ಕೇ ಸಂಬಂಧಿಸಿದ ಒಂದು ಕಥೆ. ದಕ್ಷಿಣ ಕನ್ನಡದ ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಧವಲ, ಜಯಧವಲ, ಮಹಾಧವಲ ಎಂಬ ಜೈನ ಸಿದ್ಧಾಂತ ಗ್ರಂಥಗಳ ತಾಳೆಗರಿ ಪ್ರತಿಗಳಿವೆ. ಧವಲ ವೀರಸೇನಾಚಾರ್ಯರು ಬರೆದ ಟೀಕೆ. ಜಯಧವಲವನ್ನು ಅವರ ಶಿಷ್ಯ ಜಿನಸೇನರು ೮೩೭ರಲ್ಲಿ, ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಆಳ್ವಿಕೆಯಲ್ಲಿ ಮುಗಿಸಿದರು. ಭಾಷೆ ಪ್ರಾಕೃತ ಮತ್ತು ಸಂಸ್ಕೃತ. ಲಿಪಿ ಮಾತ್ರ ಹಳಗನ್ನಡ. ಬೇರೆಲ್ಲೂ ಪ್ರತಿಗಳಿಲ್ಲದ್ದರಿಂದ ಇವು ಶತಮಾನಗಳ ಕಾಲ ದರ್ಶನದ ವಸ್ತುಗಳಾಗಿ ಉಳಿದವೇ ಹೊರತು ಓದುವ ವಸ್ತುಗಳಾಗಲಿಲ್ಲ. ಯಾತ್ರಿಕರು ಬಂದು ಕೈಮುಗಿದು ಹೋಗುತ್ತಿದ್ದರು. ಗರಿಗಳು ಜೀರ್ಣವಾಗುತ್ತಿರುವುದನ್ನು ಕಂಡು ಸೊಲ್ಲಾಪುರದ ಹಿರಾಚಂದ ನೇಮಚಂದರಂಥ ಗೃಹಸ್ಥರು ಮುಂದೆ ಬಂದ ಮೇಲೆ, ೧೮೯೬ರಲ್ಲಿ ಪ್ರತಿ ಮಾಡುವ ಕಾರ್ಯ ಆರಂಭವಾಯಿತು. ಮುಗಿಯುವ ಹೊತ್ತಿಗೆ ಸುಮಾರು ಕಾಲು ಶತಮಾನ ಕಳೆದಿತ್ತು. ಮೂಲವನ್ನು ಹೊರಗೆ ಕೊಡಲು ಬಸದಿಯವರಿಗೆ ಮನಸ್ಸಿರಲಿಲ್ಲ. ಆದರೂ ಪ್ರತಿಗಳ ಪ್ರತಿಗಳು ಹೇಗೋ ಉತ್ತರಕ್ಕೆ ಹರಿದುಬಂದವು. ಅವುಗಳ ಆಧಾರದಿಂದ, ಅಮರಾವತಿಯಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ಹೀರಾಲಾಲ ಜೈನರು ಧವಲದ ಮೊದಲ ಸಂಪುಟವನ್ನು ೧೯೩೯ರಲ್ಲಿ ಅಮರಾವತಿಯಿಂದಲೇ ಹೊರತಂದರು. ಹದಿನಾರು ಸಂಪುಟಗಳು ಪೂರ್ಣವಾದದ್ದು ೧೯೫೮ರಲ್ಲಿ. ತುಳುನಾಡಿನ ಬಸದಿಯಲ್ಲಿ ಕನ್ನಡ ಲಿಪಿಯಲ್ಲಿದ್ದ ಗ್ರಂಥ ಹೀಗೆ ವಿದರ್ಭದಿಂದ ಲೋಕಕ್ಕೆ ತೆರೆದುಕೊಂಡಿತು.

ಈ ಕಥೆಯಲ್ಲಿ ಇನ್ನೊಂದು ಪಾಠವಿದೆ. ಮೊದಲ ಭಾಗದ ೯೩ನೆಯ ಸೂತ್ರದಲ್ಲಿ ‘ಸಂಜದ’ ಎಂಬ ಒಂದು ಪದ ಸಂಪಾದಕರ ಕೈಯಲ್ಲಿದ್ದ ಪ್ರತಿಗಳಲ್ಲಿ ಬಿಟ್ಟುಹೋಗಿತ್ತು. ಅರ್ಥ ಕೂಡಬೇಕಾದರೆ ಆ ಪದ ಇರಲೇಬೇಕೆಂದು ಅವರು ಅಡಿಟಿಪ್ಪಣಿಯಲ್ಲಿ ಸೂಚಿಸಿದರು. ಸ್ತ್ರೀಯರಿಗೆ ಮುಕ್ತಿಯುಂಟೇ ಎಂಬ ಹಳೆಯ ಚರ್ಚೆಗೆ ತಗಲುವ ಪದವಾದ್ದರಿಂದ ವಿದ್ವಾಂಸರಲ್ಲಿ ದೊಡ್ಡ ವಾಗ್ವಾದವೇ ಎದ್ದಿತು. ಕೊನೆಗೆ ಮೂಡಬಿದಿರೆಯ ತಾಳೆಗರಿಯೊಡನೆ ಹೋಲಿಸಿ ನೋಡಿದಾಗ ಆ ಪದ ಅಲ್ಲಿ ಇತ್ತು. ಎಂದಮೇಲೆ, ಪ್ರತಿ ಮಾಡಿದರಷ್ಟೇ ಸಾಲದು. ಮಾಡಿದ ಪ್ರತಿಯನ್ನು ಮೂಲದೊಡನೆ ತಾಳೆ ನೋಡಬೇಕು. ತಾಳೆ ನೋಡದ ಪ್ರತಿ ಸಮಾಧಾನ ಕೊಡುತ್ತದೆ, ಭರವಸೆ ಕೊಡುವುದಿಲ್ಲ.

ಕಲ್ಲಿನ ಶಾಸನಗಳದೂ ಇದೇ ಕಥೆ. ಕಲ್ಲು ಶಾಶ್ವತವೆಂದು ನಾವು ತಿಳಿಯುತ್ತೇವೆ. ಆದರೆ ಎಷ್ಟೋ ಶಾಸನಗಳು ಮನೆಯ ಮೆಟ್ಟಿಲಾಗಿ, ಬಟ್ಟೆ ಒಗೆಯುವ ಬಂಡೆಯಾಗಿ ಸವೆದುಹೋದವು. ಕೆಲವು ಅಣೆಕಟ್ಟುಗಳ ನೀರಿನಲ್ಲಿ ಮುಳುಗಿದವು. ಅವುಗಳ ಪಠ್ಯ ಉಳಿದಿದ್ದರೆ ಅದು ಪಡಿಯಚ್ಚಿನಿಂದ. ಒದ್ದೆ ಕಾಗದವನ್ನು ಕಲ್ಲಿಗೆ ಹಾಸಿ, ಕುಂಚದಿಂದ ಬಡಿದು, ಮಸಿ ಒತ್ತಿ ತೆಗೆಯುವ ಪ್ರತಿಗೆ ಪಡಿಯಚ್ಚು ಎನ್ನುತ್ತಾರೆ. ಭಾರತದ ಪುರಾತತ್ತ್ವ ಇಲಾಖೆಯಲ್ಲಿ ಸಂಸ್ಕೃತ ಹಾಗೂ ದ್ರಾವಿಡ ಭಾಷೆಗಳ ಶಾಸನ ವಿಭಾಗವು ೧೯೬೬ರಲ್ಲಿ ಉದಕಮಂಡಲದಿಂದ ಮೈಸೂರಿಗೆ ಬಂದಿತು. ಅರಬ್ಬಿ-ಪಾರಸಿ ಶಾಸನಗಳ ವಿಭಾಗವಿರುವುದು ನಮ್ಮ ಈ ನಾಗಪುರದಲ್ಲೇ. ದೇಶದ ಶಾಸನಗಳ ಪ್ರತಿಗಳನ್ನು ಕಾಯುವ ಕೆಲಸದಲ್ಲಿ ಮೈಸೂರೂ ನಾಗಪುರವೂ ಹೀಗೆ ಜೊತೆಗಾರರು.

ಈಗ ನಮ್ಮ ಕಾಲಕ್ಕೆ ಬರೋಣ. ಇಂದಿನ ತಾಳೆಗರಿಯೆಂದರೆ ಕಂಪ್ಯೂಟರಿನ ಕಡತ. ವಾರ್ಡ್ ಕನ್ನಿಂಗ್‌ಹ್ಯಾಮ್ ಎಂಬ ಅಮೆರಿಕದ ತಂತ್ರಜ್ಞರು ೧೯೯೫ರ ಮಾರ್ಚ್ ೨೫ರಂದು ಒಂದು ಹೊಸ ಬಗೆಯ ಜಾಲತಾಣವನ್ನು ಆರಂಭಿಸಿದರು. ಓದುವವರೇ ಅಲ್ಲಿನ ಪುಟವನ್ನು ತಿದ್ದಬಹುದು, ಹೊಸ ಪುಟ ಸೇರಿಸಬಹುದು. ಹೊನೊಲುಲು ವಿಮಾನ ನಿಲ್ದಾಣದ ಬಸ್ಸಿನ ಹೆಸರಿನಲ್ಲಿದ್ದ ‘ವಿಕಿ ವಿಕಿ’ ಎಂಬ ಹವಾಯಿ ಮಾತನ್ನು ಅವರು ಇದಕ್ಕೆ ಇಟ್ಟರು. ‘ಬೇಗ ಬೇಗ’ ಎಂದು ಅದರ ಅರ್ಥ. ಈ ವಿಧಾನವನ್ನೇ ಬಳಸಿಕೊಂಡು ಜಿಮ್ಮಿ ವೇಲ್ಸ್ ಮತ್ತು ಲ್ಯಾರಿ ಸ್ಯಾಂಗರ್ ೨೦೦೧ರ ಜನವರಿ ೧೫ರಂದು ವಿಕಿಪೀಡಿಯ ಎಂಬ ಜ್ಞಾನಕೋಶವನ್ನು ತೆರೆದರು. ಕನ್ನಡ ವಿಕಿಪೀಡಿಯ ೨೦೦೩ರ ಜೂನ್ ತಿಂಗಳಲ್ಲಿ ಹುಟ್ಟಿತು. ಇಂದು ಅದರಲ್ಲಿ ೩೦,೦೦೦ಕ್ಕೂ ಹೆಚ್ಚು ಲೇಖನಗಳಿವೆ. ಮೈಸೂರು ವಿಶ್ವವಿದ್ಯಾನಿಲಯವು ದಶಕಗಳ ಶ್ರಮದಿಂದ ೧೪ ಸಂಪುಟಗಳಲ್ಲಿ ಹೊರತಂದ ಕನ್ನಡ ವಿಶ್ವಕೋಶದ ಸಂಪುಟಗಳನ್ನು ಯಾರು ಬೇಕಾದರೂ ಬಳಸಬಹುದಾದ ಮುಕ್ತ ಪರವಾನಗಿಯಲ್ಲಿ ೨೦೧೪ರಲ್ಲಿ ಬಿಟ್ಟುಕೊಟ್ಟಿದ್ದೂ ಇದೇ ಚರಿತ್ರೆಯ ಒಂದು ಘಟ್ಟ. ತುಳು ಭಾಷೆಯ ವಿಕಿಪೀಡಿಯ ೨೦೧೬ರಲ್ಲಿ ಬಂದಿತು.

ಎಲ್ಲರೂ ತಿದ್ದಬಹುದಾದರೆ ಕೆಡಿಸುವವರೂ ಇರುವುದಿಲ್ಲವೇ ಎಂದು ಓದುಗರು ಕೇಳಬಹುದು. ಇರುತ್ತಾರೆ. ಅದಕ್ಕೆಂದೇ ವಿಕಿಯಲ್ಲಿ ಎರಡು ಏರ್ಪಾಡುಗಳಿವೆ. ಒಂದು, ಪ್ರತಿ ಪುಟಕ್ಕೂ ಅದರ ‘ಇತಿಹಾಸ’ವಿದೆ. ಯಾರು, ಯಾವಾಗ, ಏನನ್ನು ಬದಲಿಸಿದರೆಂಬುದು ಅಲ್ಲಿ ದಾಖಲಾಗಿರುತ್ತದೆ. ಕೆಟ್ಟದ್ದನ್ನು ತೆಗೆದು ಹಿಂದಿನ ರೂಪವನ್ನು ಮರಳಿ ತರಬಹುದು. ಇನ್ನೊಂದು, ‘ನಿರ್ವಾಹಕ’ರೆಂಬ ಸ್ವಯಂಸೇವಕರಿದ್ದಾರೆ. ಪುಟವನ್ನು ಅಳಿಸುವ, ಅಳಿಸಿದ್ದನ್ನು ಮರಳಿ ತರುವ, ಪದೇ ಪದೇ ದಾಳಿಗೆ ಒಳಗಾಗುವ ಪುಟಕ್ಕೆ ರಕ್ಷಣೆ ಕೊಡುವ, ಕೀಟಲೆ ಮಾಡುವವರನ್ನು ತಡೆಯುವ ಅಧಿಕಾರ ಅವರದು. ಇವರು ಒಡೆಯರಲ್ಲ, ನಮ್ಮ ದೇವಸ್ಥಾನಗಳ ಮೊಕ್ತೇಸರರಿದ್ದಂತೆ. ಬೀಗದ ಕೈ ಅವರಲ್ಲಿರುತ್ತದೆ, ಬೊಕ್ಕಸ ಅವರದಲ್ಲ. ಉಳಿದ ಬಳಕೆದಾರರು ಅವರನ್ನು ಆರಿಸುತ್ತಾರೆ, ಬೇಡವಾದರೆ ಕೇಳಿ ಇಳಿಸುತ್ತಾರೆ.

ಹೀಗಿದ್ದೂ ಆರಂಭದಲ್ಲಿ ವಿಕಿಪೀಡಿಯವೇ ತನ್ನ ಚರಿತ್ರೆಯನ್ನು ಕಳೆದುಕೊಂಡಿತ್ತು ಎಂದರೆ ಆಶ್ಚರ್ಯವಾಗುತ್ತದೆ. ಅದು ಮೊದಲು ಬಳಸುತ್ತಿದ್ದ ತಂತ್ರಾಂಶ ಪುಟಗಳ ಹಳೆಯ ರೂಪಗಳನ್ನು ಕೆಲವು ಕಾಲದ ನಂತರ ಅಳಿಸಿಹಾಕುತ್ತಿತ್ತು. ೨೦೦೧ರ ಮೊದಲ ತಿಂಗಳುಗಳ ಬರಹ ಹೋಯಿತೆಂದೇ ಎಲ್ಲರೂ ತಿಳಿದಿದ್ದರು. ೨೦೧೦ರ ಡಿಸೆಂಬರಿನಲ್ಲಿ ಟಿಮ್ ಸ್ಟಾರ್ಲಿಂಗ್ ಎಂಬ ತಂತ್ರಜ್ಞರು ಹಳೆಯ ಕಡತಗಳ ನಡುವೆ ಆ ಕಾಲದ ಒಂದು ಪ್ರತಿಯನ್ನು ಪತ್ತೆ ಮಾಡಿದರು. ದೇವಳಿಯ ತಾಮ್ರಪಟ ದೊರೆತ ಹಾಗೆಯೇ ಇದು. ಆದರೆ ಅದೃಷ್ಟವನ್ನು ನಂಬಿ ಕೂರಲಾಗದು. ಈಗ ವಿಕಿಪೀಡಿಯದ ಆಡಳಿತ ಸಂಸ್ಥೆ ಎಲ್ಲ ಭಾಷೆಗಳ ವಿಕಿಗಳ ಪೂರ್ಣ ಪಠ್ಯವನ್ನು ಕಟ್ಟುಕಟ್ಟಾಗಿ, ಆಗಾಗ, ಸಾರ್ವಜನಿಕವಾಗಿ ಇಡುವ ಪದ್ಧತಿಯನ್ನು ನಡೆಸಿಕೊಂಡು ಬಂದಿದೆ. ಯಾರು ಬೇಕಾದರೂ ಇಳಿಸಿಕೊಂಡು ತಮ್ಮಲ್ಲಿ ಇಟ್ಟುಕೊಳ್ಳಬಹುದು. ಮುಕ್ತ ಪರವಾನಗಿ ಇರುವುದರಿಂದ ಯಾರ ಅಪ್ಪಣೆಯೂ ಬೇಕಿಲ್ಲ. ಅತ್ತಿಮಬ್ಬೆಯ ಸಾವಿರ ಪ್ರತಿಯ ತತ್ತ್ವ ಬೇರೆ ಏನು?

ಬಂಧುಗಳೇ, ಇಷ್ಟೆಲ್ಲ ಹೇಳಿದ್ದು ನಮ್ಮ ಮನೆಯ ಮಾತಿಗೆ ಬರಲೆಂದು. ರೈಲ್ವೆಯಲ್ಲೋ, ಬ್ಯಾಂಕಿನಲ್ಲೋ, ಕಾರ್ಖಾನೆಯಲ್ಲೋ ಕೆಲಸಕ್ಕೆಂದು ಬಂದ ಹಿರಿಯರು ಹೊರನಾಡಿನ ಊರೂರಲ್ಲಿ ಸಂಘ ಕಟ್ಟಿದರು. ನಾಟಕ ಆಡಿದರು, ಭಾನುವಾರ ಮಕ್ಕಳಿಗೆ ಅಕ್ಷರ ಕಲಿಸಿದರು, ರಾಜ್ಯೋತ್ಸವಕ್ಕೆ ಸ್ಮರಣಸಂಚಿಕೆ ಹೊರತಂದರು. ಆ ಸಂಚಿಕೆಗಳು ಈಗ ಎಲ್ಲಿವೆ? ಯಾರದೋ ಅಟ್ಟದ ಟ್ರಂಕಿನಲ್ಲಿ ಒಂದೊಂದು ಪ್ರತಿ. ಮನೆ ಬದಲಾಯಿಸುವಾಗ ರದ್ದಿಯವನ ತಕ್ಕಡಿಗೆ ಹೋದವೂ ಉಂಟು. ವಿಕಿಪೀಡಿಯದಲ್ಲಿ ಇವನ್ನೆಲ್ಲ ಹಾಕಲು ಬರುವುದಿಲ್ಲ. ಅಲ್ಲಿ ಬರೆಯುವುದಕ್ಕೆ ಬೇರೆಡೆ ಪ್ರಕಟವಾದ ಆಧಾರ ಬೇಕು. ಆದರೆ ವಿಕಿಪೀಡಿಯ ಬಳಸುವ ಮೀಡಿಯಾವಿಕಿ ಎಂಬ ತಂತ್ರಾಂಶವೇ ಉಚಿತವಾಗಿ ಸಿಗುತ್ತದೆ. ಸಂಘವೊಂದು ತನ್ನದೇ ಚಿಕ್ಕ ವಿಕಿಯನ್ನು ತೆರೆದು ಹಳೆಯ ಸಂಚಿಕೆ, ಫೋಟೋ, ನಾಟಕದ ಕರಪತ್ರ, ಹಿರಿಯರ ನೆನಪುಗಳನ್ನು ಅಲ್ಲಿ ಸೇರಿಸಬಹುದು. ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಇರುವ ಮಕ್ಕಳೂ ಅಲ್ಲಿಂದಲೇ ತಿದ್ದಬಹುದು.

ತೆರೆಯುವುದು ಸುಲಭ, ಕಾಯುವುದೇ ಕಷ್ಟ. ಇಂಥ ತಾಣದ ಪ್ರತಿ, ಎಂದರೆ ಬ್ಯಾಕಪ್ಪು, ತೆಗೆಯುವಾಗ ಮೂರು ಭಾಗಗಳನ್ನು ನೆನಪಿಡಬೇಕು. ಬರಹವೂ ಅದರ ಇತಿಹಾಸವೂ ಬಳಕೆದಾರರ ವಿವರವೂ ಡೇಟಾಬೇಸಿನಲ್ಲಿರುತ್ತವೆ. ಚಿತ್ರಗಳು ಬೇರೆಯೇ ಒಂದು ಫೋಲ್ಡರಿನಲ್ಲಿರುತ್ತವೆ. ತಾಣದ ಹೆಸರು, ಭಾಷೆ, ಅನುಮತಿಗಳ ವಿವರ ಒಂದು ಚಿಕ್ಕ ಕಡತದಲ್ಲಿರುತ್ತದೆ. ಪುಟಗಳನ್ನಷ್ಟೇ ರಫ್ತು ಮಾಡಿಟ್ಟುಕೊಂಡು ನಿಶ್ಚಿಂತರಾದರೆ, ಮುಂದೆ ಬರಹ ಸಿಕ್ಕೀತು, ಫೋಟೋಗಳು ಸಿಗಲಾರವು. ಪ್ರತಿ ತೆಗೆಯುವಷ್ಟು ಹೊತ್ತು ತಾಣವನ್ನು ‘ಓದಲು ಮಾತ್ರ’ ಎಂಬ ಸ್ಥಿತಿಯಲ್ಲಿಟ್ಟರೆ ಅರ್ಧ ತಿದ್ದಿದ ಪುಟ ನಕಲಾಗುವ ಭಯವಿಲ್ಲ.

ತೆಗೆದ ಪ್ರತಿಯನ್ನು ಎಲ್ಲಿಡಬೇಕು? ಮಳಖೇಡದ ಪಾಠ ಇಲ್ಲಿ ನೆನಪಾಗಬೇಕು. ೨೦೨೧ರ ಮಾರ್ಚ್ ೧೦ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗಿನಲ್ಲಿ ಒಂದು ದೊಡ್ಡ ಕಂಪ್ಯೂಟರ್ ಕೇಂದ್ರ ಬೆಂಕಿಗೆ ಆಹುತಿಯಾಯಿತು. ಸಾವಿರಾರು ಜಾಲತಾಣಗಳು ಒಮ್ಮೆಗೇ ಮರೆಯಾದವು. ಬೇರೆ ಊರಿನಲ್ಲಿ ಪ್ರತಿ ಇಟ್ಟವರು ಮತ್ತೆ ಎದ್ದು ನಿಂತರು. ಪ್ರತಿಯೂ ಅದೇ ಆವರಣದಲ್ಲಿದ್ದವರಿಗೆ ಬೂದಿಯೇ ಗತಿಯಾಯಿತು. ಮೂರು ಪ್ರತಿ, ಎರಡು ಬಗೆಯ ಸಾಧನ, ಅದರಲ್ಲಿ ಒಂದಾದರೂ ಬೇರೆ ಊರಲ್ಲಿ ಎಂಬುದು ಈ ವಿದ್ಯೆ ಬಲ್ಲವರ ಸೂತ್ರ. ನಾಗಪುರದ ಸಂಘದ ಪ್ರತಿ ಧಾರವಾಡದ ನೆಂಟರ ಮನೆಯಲ್ಲೂ ಇರಲಿ.

ಧವಲದ ‘ಸಂಜದ’ ಪದವನ್ನೂ ಮರೆಯಬಾರದು. ವರ್ಷಕ್ಕೊಮ್ಮೆಯಾದರೂ ಆ ಪ್ರತಿಯಿಂದ ತಾಣವನ್ನು ಬೇರೆ ಕಂಪ್ಯೂಟರಿನಲ್ಲಿ ಹೊಸದಾಗಿ ಎಬ್ಬಿಸಿ, ಪುಟಗಳು ತೆರೆಯುತ್ತವೆಯೇ, ಕನ್ನಡ ಅಕ್ಷರ ಸರಿಯಾಗಿ ಕಾಣುತ್ತದೆಯೇ ಎಂದು ನೋಡಬೇಕು. ಅಕ್ಷರದ ಮಾತು ಏಕೆಂದರೆ, ಯೂನಿಕೋಡ್ ಬಳಕೆಗೆ ಬರುವ ಮೊದಲು ಬೇರೆ ಬೇರೆ ಫಾಂಟುಗಳಲ್ಲಿ ಬೆರಳಚ್ಚು ಮಾಡಿದ ಕನ್ನಡ ಕಡತಗಳು ಆ ಫಾಂಟು ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗಿ ಕಾಣುತ್ತವೆ. ಕಡತ ಇದೆ, ಓದಲು ಬಾರದು. ಮೂಡಬಿದಿರೆಯ ಯಾತ್ರಿಕರಂತೆ ಕೈಮುಗಿಯಬೇಕಷ್ಟೆ. ಅಂಥ ಹಳೆಯ ಕಡತಗಳಿದ್ದರೆ ಯೂನಿಕೋಡಿಗೆ ಬದಲಾಯಿಸಿಡುವ ಕೆಲಸವನ್ನು ಈಗಲೇ ಮುಗಿಸಬೇಕು.

ಕಡೆಯದಾಗಿ, ಬೀಗದ ಕೈಯ ಮಾತು. ನಮ್ಮ ಸಂಘಗಳಲ್ಲಿ ಉತ್ಸಾಹಿ ತರುಣನೊಬ್ಬ ತಾಣವನ್ನು ಕಟ್ಟುತ್ತಾನೆ. ಪಾಸ್‌ವರ್ಡು ಅವನಿಗೊಬ್ಬನಿಗೇ ಗೊತ್ತು. ಎರಡು ವರ್ಷಕ್ಕೆ ಅವನಿಗೆ ವರ್ಗವಾಗುತ್ತದೆ. ತಾಣದ ಹೆಸರಿಗೆ ವರ್ಷವರ್ಷ ಕಟ್ಟಬೇಕಾದ ಹಣದ ನೆನಪೋಲೆ ಅವನ ಹಳೆಯ ವಿಳಾಸಕ್ಕೆ ಹೋಗುತ್ತದೆ. ಯಾರ ಕೇಡೂ ಇಲ್ಲದೆ, ಯಾವ ಬೆಂಕಿಯೂ ಬೀಳದೆ ಎಲ್ಲ ಮಾಯವಾಗುತ್ತದೆ. ವರ್ಗಾವಣೆಯೇ ಬಾಳಾಗಿರುವ ನಮ್ಮಂಥವರಿಗೆ ಸೀಯಕನ ದಾಳಿಗಿಂತ ಇದೇ ದೊಡ್ಡ ಭಯ. ಆದ್ದರಿಂದ ನಿರ್ವಾಹಕರು ಕನಿಷ್ಠ ಮೂವರಿರಬೇಕು. ಪಾಸ್‌ವರ್ಡು, ಹಣ ಕಟ್ಟುವ ದಿನಾಂಕ, ಪ್ರತಿಗಳಿರುವ ಸ್ಥಳ ಇವು ಮೊಹರು ಮಾಡಿದ ಲಕೋಟೆಯಲ್ಲಿ ಕಾರ್ಯದರ್ಶಿಯ ಕಪಾಟಿನಲ್ಲಿರಬೇಕು. ವಾರ್ಷಿಕ ಮಹಾಸಭೆಯಲ್ಲಿ ಜಮಾಖರ್ಚಿನ ಜೊತೆಗೆ ಪ್ರತಿಗಳ ಲೆಕ್ಕವೂ ಮಂಡನೆಯಾಗಬೇಕು. ಇದಕ್ಕೆ ಹೆಚ್ಚು ಹಣ ಬೇಡ. ಪ್ರತಿ ತಿಂಗಳ ಒಂದು ಭಾನುವಾರ ಸಾಕು.

ನಮ್ಮ ಮಕ್ಕಳು ಮರಾಠಿ, ಹಿಂದಿ, ಇಂಗ್ಲಿಷುಗಳಲ್ಲಿ ಓದಿ ಬೆಳೆಯುತ್ತಿದ್ದಾರೆ, ಬೆಳೆಯಲಿ. ಮುಂದೊಂದು ದಿನ ಅವರ ಮಕ್ಕಳು, ನಮ್ಮ ಅಜ್ಜ ಈ ಊರಿಗೆ ಏಕೆ ಬಂದ, ಇಲ್ಲಿ ಕನ್ನಡದವರು ಏನು ಮಾಡಿಕೊಂಡಿದ್ದರು ಎಂದು ಕೇಳಿಯೇ ಕೇಳುತ್ತಾರೆ. ಉತ್ತರ ಕೊಡಲು ಆಗ ನಾವು ಇರುವುದಿಲ್ಲ. ಹಳೆಯ ದಾನಶಾಸನಗಳ ಕೊನೆಗೆ, ಕೊಡುವುದಕ್ಕಿಂತ ಕೊಟ್ಟದ್ದನ್ನು ಕಾಪಾಡುವುದೇ ಮಿಗಿಲಾದ ಪುಣ್ಯವೆಂಬ ಅರ್ಥದ ಮಾತು ಮತ್ತೆ ಮತ್ತೆ ಬರುತ್ತದೆ. ಹಿರಿಯರು ಕೊಟ್ಟಿದ್ದಾರೆ. ಕಾಪಾಡುವ ಕೆಲಸ ನಮ್ಮ ಪಾಲಿಗೆ ಬಂದಿದೆ. ಈ ದೀಪಾವಳಿಗೆ ಮನೆ ಗುಡಿಸಿ ಸಾರಿಸುವಾಗ ಅಟ್ಟದ ಟ್ರಂಕನ್ನು ಇಳಿಸಿ ನೋಡಿ. ಹಳೆಯ ಸಂಚಿಕೆಯೊಂದು ಸಿಕ್ಕರೆ ರದ್ದಿಗೆ ಹಾಕುವ ಮೊದಲು ಸಂಘದ ಬಾಗಿಲಿಗೆ ತನ್ನಿರಿ.